ಡೈರಿಗೆ ಅಂಕ ಬೇಡ
ಮೇಡಂ, ಎಂಬಿಎ ಲೀಡರ್‌ಶಿಪ್ ಪೇಪರಿಗೆ ಆತ್ಮಾವಲೋಕನದ ಡೈರಿ ಬರೆಯುವುದನ್ನು ಸೇರಿಸಿದರೆ ಬೇರೆ ಬೇರೆ ಧರ್ಮದ ಮಕ್ಕಳು ಒಪ್ಪುತ್ತಾರಾ, ಅಂಕ ಹೇಗೆ ಕೊಡೋದು ಅಂತ ಕೇಳಿದ್ದೀರಿ. ಖಂಡಿತ ಸೇರಿಸಿ.

ಕ್ಯಾಲಿಫೋರ್ನಿಯಾದ ಸಾಂತಾ ಕ್ಲಾರಾ ವಿಶ್ವವಿದ್ಯಾಲಯದಲ್ಲಿ ಆಂದ್ರೆ ಡೆಲ್ಬೆಕ್ ಎಂಬ ಪ್ರಾಧ್ಯಾಪಕರು ಇಂಥದ್ದೇ ಕೋರ್ಸು ನಡೆಸುತ್ತಿದ್ದರು. ಅದು ಜೆಸ್ಯೂಟರ, ಅಂದರೆ ಕ್ಯಾಥೊಲಿಕ್ ಪಾದ್ರಿಗಳ ಒಂದು ಸಂಘದ, ಸಂಸ್ಥೆ. ಆ ಪರಂಪರೆಗೆ 16ನೇ ಶತಮಾನದಲ್ಲಿ ಅದರ ಸ್ಥಾಪಕ ಇಗ್ನೇಷಿಯಸ್ ಲೊಯೋಲಾ ಹಾಕಿಕೊಟ್ಟ 'ಎಕ್ಸಾಮೆನ್' ಎಂಬ ಅಭ್ಯಾಸವಿದೆ: ಕೃತಜ್ಞತೆಯಿಂದ ಶುರುಮಾಡಿ, ಕಳೆದ ದಿನವನ್ನು ಗಂಟೆ ಗಂಟೆಯಾಗಿ ನೆನೆದು, ಎಲ್ಲಿ ತಪ್ಪಿದೆ ಎಂದು ಗುರುತಿಸಿ, ನಾಳೆಗೊಂದು ನಿರ್ಧಾರ ಮಾಡುವುದು. ಪ್ರಾರ್ಥನೆಯ ಭಾಗ ಬಿಟ್ಟರೂ ಪ್ರಶ್ನೆಗಳ ಮೊನೆ ಉಳಿಯುತ್ತದೆ. ದೇವರನ್ನು ನಂಬದ ಹುಡುಗನೂ ಬರೆಯಬಲ್ಲ.

ಪ್ರಶ್ನೆ ಮಾತ್ರ ನಿರ್ದಿಷ್ಟವಾಗಿರಲಿ. 'ನಿಮ್ಮ ಮೌಲ್ಯಗಳೇನು?' ಅಂದರೆ ಬರೀ ಭಾಷಣ ಬರುತ್ತದೆ. 'ಇವತ್ತಿನ ಗ್ರೂಪ್ ಚರ್ಚೆಯಲ್ಲಿ ಯಾರ ಮಾತನ್ನು ಅರ್ಧಕ್ಕೇ ತಡೆದಿರಿ, ಯಾಕೆ?' ಅಂತ ಕೇಳಿ ನೋಡಿ, ಪೆನ್ನು ಸ್ವಲ್ಪ ಹೊತ್ತು ನಿಂತು ಆಮೇಲೆ ನಿಜ ಬರೆಯುತ್ತದೆ.

ದಯವಿಟ್ಟು ಡೈರಿಗೆ ಅಂಕ ಕೊಡಬೇಡಿ, ಅದನ್ನು ಓದಲೂಬೇಡಿ. ಅಂಕದ ಆಸೆಗೆ ಮಕ್ಕಳು ಪಶ್ಚಾತ್ತಾಪವನ್ನೂ ಕಟ್ಟಿ ಬರೆಯುತ್ತಾರೆ. ಇಂಟರ್ನಲ್ಸ್‌ಗೆ ಬೇಕೇ ಬೇಕು ಅಂದರೆ ಸೆಮಿಸ್ಟರ್ ಕೊನೆಗೆ ಅವರೇ ಆರಿಸಿದ ಒಂದು ಪುಟದ ಮೇಲೆ ಸಣ್ಣ ಅಸೈನ್‌ಮೆಂಟ್ ಕೊಡಿ. ಡೈರಿ ಬರೆಯಲು ಕ್ಲಾಸಿನ ಕೊನೆಯ ಹತ್ತು ನಿಮಿಷ ಸಾಕು. ನೀವೂ ಅವರ ಜೊತೆ ಕೂತು ಬರೆಯಿರಿ.