ಹೊಸ ವರ್ಷದ ಗುರಿ ಫೆಬ್ರವರಿಗೇ ಕೈಬಿಟ್ಟು ಹೋಗದಿರಲು ಏನು ಮಾಡಬೇಕು?

ಪ್ರತಿ ಜನವರಿಯಲ್ಲಿ ತೂಕ ಇಳಿಸಬೇಕು, ದುಡ್ಡು ಉಳಿಸಬೇಕು, ಬೆಳಿಗ್ಗೆ ಬೇಗ ಏಳಬೇಕು ಅಂತ ಬರೆದಿಡುತ್ತೀರಿ, ಫೆಬ್ರವರಿ ಹೊತ್ತಿಗೆ ಒಂದೂ ಉಳಿದಿರುವುದಿಲ್ಲ, ಏನು ಮಾಡಲಿ ಅಂತ ಕೇಳಿದ್ದೀರಿ. ನನ್ನ ಜೀವನದಲ್ಲಿ ಹೀಗೆ ಇಟ್ಟುಕೊಂಡ ಗುರಿಗಳಲ್ಲಿ ಪೂರ್ತಿಯಾಗಿ ಕೈಗೂಡಿದ್ದು ಒಂದೇ. ಅದನ್ನೇ ಹೇಳುತ್ತೇನೆ.

2024ರ ಜನವರಿ 1ರಂದು ನಾನೂ ಏಳು ಗುರಿ ಬರೆದಿದ್ದೆ. ಮೊದಲನೆಯದು ‘ಸಿಹಿ ಪೂರ್ತಿ ಬಂದ್’. ಸಂಕ್ರಾಂತಿ ದಿನ ಪಕ್ಕದ ಮನೆಯವರು ಎಳ್ಳುಬೆಲ್ಲ, ಸಕ್ಕರೆ ಅಚ್ಚು ತಂದುಕೊಟ್ಟರು. ಬೇಡ ಅನ್ನಲು ಮನಸ್ಸಾಗಲಿಲ್ಲ, ತಿಂದೆ. ಹೇಗೂ ತಪ್ಪಿತಲ್ಲ ಅಂತ ಆ ವಾರವೇ ಉಳಿದ ಆರನ್ನೂ ಬಿಟ್ಟುಬಿಟ್ಟೆ. ಹಬ್ಬ ಬರುತ್ತದೆ ಅಂತ ಗೊತ್ತಿದ್ದೂ, ಹಬ್ಬಕ್ಕೆ ಜಾಗವೇ ಇಲ್ಲದಂಥ ಗುರಿ ಇಟ್ಟುಕೊಂಡಿದ್ದೆ.

ಮಾರ್ಚ್‌ನಲ್ಲಿ ರಕ್ತಪರೀಕ್ಷೆ ಮಾಡಿಸಿದಾಗ, ರಕ್ತದ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ 6.2 ಬಂತು. 5.7ಕ್ಕಿಂತ ಕಡಿಮೆ ಇದ್ದರೆ ಸರಿ, 6.5 ಮುಟ್ಟಿದರೆ ಸಕ್ಕರೆ ಕಾಯಿಲೆ. ನಾನು ಹೊಸ್ತಿಲ ಮೇಲೆ ನಿಂತಿದ್ದೆ. ನಮ್ಮ ಅಪ್ಪನಿಗೆ ಶುಗರ್ ಇತ್ತು. ಕಾಲಿನ ಗಾಯ ಮಾಯದೆ ಒಂದು ಬೆರಳು ತೆಗೆಸಬೇಕಾಯಿತು. ಡ್ರೆಸ್ಸಿಂಗ್ ಬದಲಿಸುವಾಗ ಅವರು ಮುಖ ಆ ಕಡೆ ತಿರುಗಿಸಿಕೊಳ್ಳುತ್ತಿದ್ದುದು ಇನ್ನೂ ಕಣ್ಣ ಮುಂದಿದೆ. ಹಾಗಾಗಿ ಈ ಸಲ ಹೆದರಿಕೆ ನಿಜವಾಗಿತ್ತು.

ಏಪ್ರಿಲ್ 9ಕ್ಕೆ ಯುಗಾದಿ. ಅವತ್ತು ಒಂದೇ ಒಂದು ಗುರಿ ಇಟ್ಟುಕೊಂಡೆ: ರಾತ್ರಿ ಊಟವಾದ ಮೇಲೆ 20 ನಿಮಿಷ ನಡೆಯಬೇಕು. ‘6.2ನ್ನು ಇಳಿಸಬೇಕು’ ಅಂತ ಬರೆಯಲಿಲ್ಲ. ಆ ಅಂಕಿ ನನ್ನ ಮಾತು ಕೇಳುವುದಿಲ್ಲ, ನನ್ನ ಕಾಲು ಕೇಳುತ್ತದೆ. ಊಟದ ಮೇಲೆ ಅಂತ ಇಟ್ಟುಕೊಂಡಿದ್ದಕ್ಕೆ ಎರಡು ಕಾರಣ. ಉಂಡ ಮೇಲೆ ನಡೆದರೆ ರಕ್ತದಲ್ಲಿನ ಸಕ್ಕರೆಯನ್ನು ಸ್ನಾಯುಗಳು ಬಳಸಿಕೊಳ್ಳುತ್ತವೆ. ಎರಡನೆಯದು, ಊಟವನ್ನಂತೂ ಯಾರೂ ಮರೆಯುವುದಿಲ್ಲ ಅಲ್ವಾ? ದಿನಾ ತಪ್ಪದೆ ಮಾಡುವ ಕೆಲಸದ ಬಾಲಕ್ಕೆ ಹೊಸ ಕೆಲಸ ಕಟ್ಟಿದರೆ ನೆನಪು ಮಾಡಿಕೊಳ್ಳುವ ಕಷ್ಟವೇ ಇಲ್ಲ.

ಲೆಕ್ಕಕ್ಕೆ ಮೊಬೈಲ್ ಆ್ಯಪ್ ಹಾಕಲಿಲ್ಲ. ನಮ್ಮ ಅಡುಗೆಮನೆ ಕ್ಯಾಲೆಂಡರಿನಲ್ಲಿ ಹಾಲು ಬಾರದ ದಿನ, ಗ್ಯಾಸ್ ಸಿಲಿಂಡರ್ ಬದಲಿಸಿದ ದಿನ ಗುರುತು ಹಾಕುತ್ತೇವೆ. ಅಲ್ಲೇ ಪಕ್ಕದಲ್ಲಿ ನಡೆದ ದಿನಕ್ಕೊಂದು ಟಿಕ್. ಮನೆಯವರಿಗೆಲ್ಲ ಕಾಣುತ್ತಿತ್ತು. ಮಗಳೇ ‘ಅಮ್ಮಾ, ಇವತ್ತಿನದು ಹಾಕಿಲ್ಲ’ ಅನ್ನುತ್ತಿದ್ದಳು. ಆಮೇಲೆ ಅವಳೂ ಜೊತೆಗೆ ಬರತೊಡಗಿದಳು. ಭಾನುವಾರ ಮಾತ್ರ ಬೆಳಿಗ್ಗೆ ಇಬ್ಬರೂ ನಮ್ಮ ಮೈಸೂರಿನ ಕುಕ್ಕರಹಳ್ಳಿ ಕೆರೆ ಸುತ್ತುತ್ತಿದ್ದೆವು. ಅಲ್ಲಿ ಹೆಜ್ಜಾರ್ಲೆಗಳನ್ನು ನೋಡುತ್ತಾ ಹೋದರೆ ಸಮಯ ಹೋದದ್ದೇ ತಿಳಿಯುವುದಿಲ್ಲ. ಹತ್ತನೇ ಕ್ಲಾಸಿನ ಹುಡುಗಿ ಮನೆಯಲ್ಲಿ ಹೇಳದ ಮಾತುಗಳನ್ನು ಆ ಏರಿ ಮೇಲೆ ಹೇಳುತ್ತಿದ್ದಳು. ಅದು ನಾನು ಎಣಿಸದೆ ಸಿಕ್ಕಿದ್ದು.

ಮಳೆಗಾಲಕ್ಕೆ ಇನ್ನೊಂದು ನಿಯಮ ಮಾಡಿಕೊಂಡೆ. ಹೊರಗೆ ಹೋಗಲು ಆಗದಿದ್ದರೆ ಹಾಲ್‌ನಲ್ಲೇ 5 ನಿಮಿಷ. ಅದಕ್ಕೂ ಪೂರ್ತಿ ಟಿಕ್. ದಸರೆಗೆ ನೆಂಟರು ಬಂದರು, ಮೈಸೂರಿನ ಮನೆ ಅಂದಮೇಲೆ ಬರಲೇಬೇಕು. ಆಗ 11 ದಿನ ಸಾಲಾಗಿ ತಪ್ಪಿತು. 12ನೇ ದಿನ ಸುಮ್ನೆ ಚಪ್ಪಲಿ ಮೆಟ್ಟಿ ಹೊರಟೆ. ತಪ್ಪಿದ್ದಕ್ಕೆ ಪರಿಹಾರ ಅಂತ ಜಾಸ್ತಿ ನಡೆಯಲೂ ಇಲ್ಲ.

ಪರೀಕ್ಷೆ ಮೂರು ತಿಂಗಳಿಗೊಮ್ಮೆ. ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನ, ಅದಕ್ಕೇ ಎಚ್‌ಬಿಎ1ಸಿ ಎರಡು ಮೂರು ತಿಂಗಳ ಸರಾಸರಿಯನ್ನು ತೋರಿಸುತ್ತದೆ. ಜುಲೈನಲ್ಲಿ 6.0. ಅಕ್ಟೋಬರಿನಲ್ಲೂ 6.0. ಅವತ್ತು ತುಂಬಾ ಬೇಜಾರಾಯಿತು. ಅಂಕಿಯೇ ನನ್ನ ಗುರಿಯಾಗಿದ್ದರೆ ಅಲ್ಲಿಗೇ ಬಿಡುತ್ತಿದ್ದೆ. ವೈದ್ಯರು ತಟ್ಟೆಯ ಬಗ್ಗೆ ಕೇಳಿದರು. ಮುದ್ದೆ ತಿಂದರೆ ಶುಗರ್ ಏರುವುದಿಲ್ಲ ಅಂತ ನಂಬಿ ರಾತ್ರಿ ದೊಡ್ಡ ಮುದ್ದೆಯನ್ನೇ ಉಣ್ಣುತ್ತಿದ್ದೆ. ರಾಗಿಯಲ್ಲೂ ಪಿಷ್ಟ ಇದೆ, ಎಷ್ಟು ತಿನ್ನುತ್ತೇವೆ ಅನ್ನುವುದೇ ಮುಖ್ಯ. ಮುದ್ದೆ ಅರ್ಧ ಮಾಡಿ ಸೊಪ್ಪು, ಕಾಳು ಹೆಚ್ಚಿಸಿದೆ. ನಡಿಗೆ ಆಗಲೇ ರೂಢಿಯಾಗಿದ್ದರಿಂದ ಈ ಎರಡನೇ ಬದಲಾವಣೆ ಭಾರ ಅನಿಸಲಿಲ್ಲ. ಜನವರಿಯಲ್ಲಿ 5.8, 2025ರ ಯುಗಾದಿ ಹೊತ್ತಿಗೆ 5.6. ತೂಕ ಇಳಿದಿದ್ದು ಮೂರೇ ಕಿಲೋ. (ಈಗಾಗಲೇ ಮಾತ್ರೆ ತೆಗೆದುಕೊಳ್ಳುತ್ತಿರುವವರು ದಯವಿಟ್ಟು ವೈದ್ಯರನ್ನು ಕೇಳದೆ ಏನನ್ನೂ ಬದಲಿಸಬೇಡಿ.)

ಇನ್ನು ನಿಮ್ಮ ಪಟ್ಟಿ. ದುಡ್ಡು ಉಳಿಸುವುದು ಮೂರರಲ್ಲಿ ಸುಲಭ, ಏಕೆಂದರೆ ಅದನ್ನು ದಿನಾ ಮಾಡಬೇಕಿಲ್ಲ. ಸಂಬಳ ಬಂದ ಮರುದಿನವೇ ದುಡ್ಡು, ತಿಂಗಳು ತಿಂಗಳು ಕಟ್ಟುವ ಠೇವಣಿಯಾದ ಆರ್‌ಡಿಗೆ ತಾನಾಗಿ ಹೋಗುವಂತೆ ಬ್ಯಾಂಕಿನಲ್ಲಿ ಒಮ್ಮೆ ಮಾಡಿಸಿಡಿ. ಅಂಚೆ ಕಚೇರಿಯಲ್ಲಾದರೆ ತಿಂಗಳಿಗೆ 100 ರೂಪಾಯಿಯಿಂದಲೂ ಶುರು ಮಾಡಬಹುದು, ಅವಧಿ 5 ವರ್ಷ. ತೂಕಕ್ಕೆ ಕಿಲೋ ಲೆಕ್ಕ ಬಿಟ್ಟು, ದಿನಾ ಮಾಡುವ ಒಂದು ಕೆಲಸ ಆರಿಸಿಕೊಳ್ಳಿ. ಬೇಗ ಏಳುವುದನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಅದಕ್ಕೆ ಯುಗಾದಿ ಇದೆ.