ಗವಾನ್ ಮದರಸಾ: ಸಿಡಿಲೋ, ಸಿಡಿಮದ್ದೋ?

ಬಹಮನಿ ಮಂತ್ರಿ ಮಹಮೂದ್ ಗವಾನ್ ಬೀದರಿನಲ್ಲಿ ಕಟ್ಟಿಸಿದ ಮದರಸಾ ಅರ್ಧ ಬಿದ್ದದ್ದು ಸಿಡಿಲಿಗೆ ಅಂತ ಒಬ್ಬರು, ಸಿಡಿಮದ್ದಿಗೆ ಅಂತ ಇನ್ನೊಬ್ಬರು. ಯಾರನ್ನ ನಂಬಲಿ ಅಂತ ಕೇಳಿದ್ರ, ಎರಡೂ ಸೇರಿಯೇ ಇರಬಹುದು ನೋಡ್ರಿ. ಮೊಗಲರ ಕಾಲದಾಗ ಒಳಗ ಮದ್ದು ತುಂಬಿಟ್ಟಿದ್ರು, ಅದು ಸಿಡೀತು. ಸಿಡಿಲು ಬಡಿದೇ ಹೊತ್ತಿತು ಅನ್ನೋ ಮಾತೂ ಉಂಟು.

ಯಾರು ಹೇಳಿದ್ರು ಅನ್ನೋದಕ್ಕಿಂತ ಯಾವಾಗ ಹೇಳಿದ್ರು ಅಂತ ಮೊದಲು ನೋಡ್ರಿ. ಕಟ್ಟಡ ಮುಗಿದದ್ದು 1472ರಲ್ಲಿ. ಇತಿಹಾಸಕಾರ ಫೆರಿಷ್ತಾ ಬರೆದದ್ದು ನೂರು ವರ್ಷ ದಾಟಿದ ಮೇಲೆ, ಬಿಜಾಪುರದ ಆಶ್ರಯದಲ್ಲಿ. ಸ್ಫೋಟವಂತೂ ಅವನ ನಂತರದ್ದು, ಅವನನ್ನ ಕೇಳಿ ಫಲವಿಲ್ಲ.

ಬೀದರಿನ ಮೇಲೆ ಗುಲಾಂ ಯಜ್ದಾನಿಯವರು ಬರೆದ 1947ರ ಪುಸ್ತಕ ಮಾತ್ರ ಬಿಡಬ್ಯಾಡ್ರಿ: ನಕ್ಷೆ, ಫೋಟೋ, ಶಾಸನ ಎಲ್ಲಾ ಅದಾವ. ಆದ್ರ ಅವರೇ ನಿಜಾಮರ ಪುರಾತತ್ವ ಇಲಾಖೆ ನಡೆಸಿದವರು, ಆ ಇಲಾಖೆಯ ದುರಸ್ತಿಯ ಮಾತು ಬಂದಾಗ ಇದು ನೆನಪಿರಲಿ. ಆಮೇಲೆ ಹೋಗಿ ಉಳಿದ ಮಿನಾರಿನ ಬಣ್ಣದ ಹೆಂಚು ನೋಡ್ರಿ, ಬಿಸಿಲೇರೋ ಮುಂಚೆ.