‘ನೀರಿನ ಅದು’: ಓದುಗರ ಪತ್ರಕ್ಕೆ ಸಂಪಾದಕರ ಉತ್ತರ

ಸಂಪಾದಕರಿಗೆ ನಮಸ್ಕಾರ. ರೋಗದ ಸುದ್ದಿಯನ್ನು ರೋಗಿಗೇ ಮೊದಲು ಹೇಳಬೇಕು ಎಂದು ಕಳೆದ ಸಂಚಿಕೆಯಲ್ಲಿ ನೀವು ಬರೆದದ್ದನ್ನು ಓದಿ ಎರಡು ರಾತ್ರಿ ನಿದ್ದೆ ಬರಲಿಲ್ಲ. ನನ್ನ ಅಪ್ಪ ನಿವೃತ್ತ ಹೆಡ್‌ಮಾಸ್ಟರು, 63 ವರ್ಷ. ಮೇ ತಿಂಗಳಲ್ಲಿ ಮದುವೆಮನೆಯಲ್ಲಿ ಫಿಟ್ಸ್ ಬಂದು ಬಿದ್ದರು. ಸ್ಕ್ಯಾನು, ಆಪರೇಷನ್ನು ಎಲ್ಲ ಆಗಿ ಬಯಾಪ್ಸಿಯಲ್ಲಿ ಗ್ಲಿಯೋಬ್ಲಾಸ್ಟೋಮಾ ಎಂಬ ಮಿದುಳಿನ ಕ್ಯಾನ್ಸರು, ನಾಲ್ಕನೇ ಗ್ರೇಡ್ ಎಂದು ಬಂತು. ‘ಗಡ್ಡೆ ಪೂರ್ತಿ ತೆಗೆದಿದ್ದಾರೆ, ರೇಡಿಯೇಶನ್ನು ಸುಮ್ಮನೆ ಮುಂಜಾಗ್ರತೆಗೆ’ ಎಂದು ಅಣ್ಣಂದಿರು ಅಪ್ಪನಿಗೆ ಹೇಳಿದ್ದಾರೆ. ಈಗ ಅವರಿಗೆ ವಸ್ತುಗಳ ಹೆಸರು ಸಿಗುವುದಿಲ್ಲ. ಲೋಟಕ್ಕೆ ‘ನೀರಿನ ಅದು’ ಅನ್ನುತ್ತಾರೆ. ಮೊನ್ನೆ ನಾನೊಬ್ಬಳೇ ಇದ್ದಾಗ ‘ಇದು ಮತ್ತೆ ಬರೋದಾ?’ ಎಂದು ಕೇಳಿದರು. ಹಾಲು ಉಕ್ಕುತ್ತಿದೆ ಎಂದು ಎದ್ದು ಹೋದೆ. ಹೇಳಿದರೆ ಎದೆಯೊಡೆದುಕೊಳ್ಳುತ್ತಾರೆ. ಬೆಂಗಳೂರಿನಲ್ಲಿ ಕೂತು ಬರೆಯುವುದು ಸುಲಭ. ನಮ್ಮ ಮನೆಯಲ್ಲಿ ಒಂದು ದಿನ ಇದ್ದು ನೋಡಿ.
– ಹೆಸರು ಬೇಡ ಎಂದಿರುವ ಓದುಗರು

ತಂಗೀ,

ಬೆಂಗಳೂರಿನಲ್ಲಿ ಕೂತು ಬರೆಯುವುದು ಸುಲಭ, ಒಪ್ಪಿದೆ. ಇಪ್ಪತ್ತೆರಡು ವರ್ಷದಿಂದ ಈ ಕುರ್ಚಿಯಲ್ಲಿದ್ದೇನೆ, ಕಷ್ಟಪಟ್ಟು ಬರೆದದ್ದು ಎಂದರೆ ಪೇಪರ್ ಬೆಲೆ ಏರಿದಾಗ ಚಂದಾ ಹೆಚ್ಚಿಸುವ ಪ್ರಕಟಣೆ ಮಾತ್ರ. ನಿಮ್ಮ ಅಣ್ಣಂದಿರ ಮೇಲೂ ನನಗೆ ಸಿಟ್ಟಿಲ್ಲ. ಅಪ್ಪ ನೊಂದುಕೊಳ್ಳಬಾರದು ಎಂದೇ ಅವರು ಹಾಗೆ ಹೇಳಿದ್ದು. ಆ ಸುಳ್ಳನ್ನು ಒಳಗಿಟ್ಟುಕೊಂಡು ದಿನಾ ಅಪ್ಪನ ಎದುರು ಕೂತು ಉಣ್ಣುವುದು ಸಣ್ಣ ಶಿಕ್ಷೆಯಲ್ಲ. ‘ಏನಿದ್ದರೂ ಮಗನಿಗೆ ಹೇಳಿ ಡಾಕ್ಟ್ರೇ, ನನ್ನ ಹತ್ತಿರ ಬೇಡ’ ಎನ್ನುವ ರೋಗಿಗಳೂ ಇದ್ದಾರೆ. ಅಂಥವರ ಕಿವಿಗೆ ಸುದ್ದಿ ತುರುಕುವುದು ಕ್ರೌರ್ಯವೇ. ನಿಮ್ಮ ಪಕ್ಷಕ್ಕೆ ಇಷ್ಟು.

ಆದರೆ ನಿಮ್ಮ ಅಪ್ಪ ಹಾಗೆ ಅನ್ನಲಿಲ್ಲವಲ್ಲ. ಅವರು ಕೇಳಿದರು. ಗಂಡುಮಕ್ಕಳು ಇಲ್ಲದ ಹೊತ್ತು ನೋಡಿ, ನಿಮ್ಮನ್ನೇ ಆರಿಸಿಕೊಂಡು ಕೇಳಿದರು. ಹೋಮ್‌ವರ್ಕ್ ಪುಸ್ತಕ ಮನೆಯಲ್ಲಿ ಬಿಟ್ಟು ಬಂದೆ ಎನ್ನುವ ಹುಡುಗರ ಮುಖವನ್ನು ಮೂವತ್ತು ವರ್ಷ ನೋಡಿದ ಮೇಷ್ಟ್ರಿಗೆ, ಹಾಲು ಉಕ್ಕುತ್ತಿರಲಿಲ್ಲ ಎಂಬುದು ತಿಳಿಯದೆ ಹೋಯಿತು ಅಂತೀರಾ?

‘ಪೂರ್ತಿ ತೆಗೆದಿದ್ದಾರೆ’ ಎಂಬ ಮಾತನ್ನು ಸ್ವಲ್ಪ ನೋಡೋಣ. ಗಡ್ಡೆ ಅಂದಕೂಡಲೆ ನಮಗೆ ಕಣ್ಣಿಗೆ ಬರುವುದು ಸುವರ್ಣಗಡ್ಡೆ, ಗೆಣಸು. ಅಗೆದು ತೆಗೆದರೆ ಗುಂಡಿ ಖಾಲಿ. ಈ ರೋಗ ಹಾಗಲ್ಲ. ನಿಮ್ಮ ಕಡೆ ಗದ್ದೆಯಲ್ಲಿ ಜೇಕು ಬರುತ್ತದಲ್ಲ, ಹಾಗೆ. ಮೇಲೆ ಕಂಡದ್ದನ್ನೆಲ್ಲ ಕಿತ್ತರೂ ನೂಲಿನಂಥ ಬೇರು ಮಣ್ಣೊಳಗೆ ಎಲ್ಲೆಲ್ಲೋ ಹರಿದಿರುತ್ತದೆ. 1928ರಲ್ಲಿ ಅಮೆರಿಕದ ವಾಲ್ಟರ್ ಡ್ಯಾಂಡಿ ಎಂಬ ಶಸ್ತ್ರವೈದ್ಯ ಇಂಥ ಗಡ್ಡೆಗಳಿಗಾಗಿ ರೋಗಿಗಳ ಮಿದುಳಿನ ಬಲ ಅರ್ಧವನ್ನೇ ತೆಗೆದುಹಾಕಿದ ವರದಿ ಪ್ರಕಟಿಸಿದ. ಆದರೂ ರೋಗ ಮರಳಿ ಬಂತು. ಸರ್ಜನ್ ‘ಕಂಡಷ್ಟು ತೆಗೆದಿದ್ದೇವೆ’ ಎಂದಿರುತ್ತಾರೆ. ಆಸ್ಪತ್ರೆಯ ಕಾರಿಡಾರಿನಿಂದ ವಾರ್ಡಿನ ಮಂಚಕ್ಕೆ ಬರುವಷ್ಟರಲ್ಲಿ ಅದು ‘ಪೂರ್ತಿ’ ಆಗಿರುತ್ತದೆ. ರೇಡಿಯೇಶನ್ನು ಮುಂಜಾಗ್ರತೆಗಲ್ಲ, ಆ ಬೇರುಗಳಿಗೆ.

ಅಣ್ಣ ಫೋನಿನಲ್ಲಿ ‘15 ತಿಂಗಳು’ ಎಂದು ಓದಿರಬೇಕು. ಆ ಲೆಕ್ಕಕ್ಕೆ ಹತ್ತಿರದ ಮೂಲ 2005ರಲ್ಲಿ ಪ್ರಕಟವಾದ ಒಂದು ದೊಡ್ಡ ಪ್ರಯೋಗ. ಆರು ವಾರ ರೇಡಿಯೇಶನ್, ಜೊತೆಗೆ ಟೆಮೋಜೊಲೊಮೈಡ್ ಎಂಬ ಕೀಮೋ ಕ್ಯಾಪ್ಸೂಲು, ಆಮೇಲೆ 28 ದಿನಕ್ಕೊಮ್ಮೆ 5 ದಿನ ಅದೇ ಕ್ಯಾಪ್ಸೂಲು. ನಿಮ್ಮ ಅಪ್ಪನಿಗೆ ಕೊಡುತ್ತಿರುವುದೂ ಬಹುಶಃ ಇದೇ. ರೇಡಿಯೇಶನ್ ಒಂದೇ ಪಡೆದವರು ಬದುಕಿದ ಕಾಲದ ನಡುಗೆರೆ 12.1 ತಿಂಗಳು, ಕ್ಯಾಪ್ಸೂಲೂ ತೆಗೆದುಕೊಂಡವರದು 14.6. ನಡುಗೆರೆ ಅಂದರೆ ಗಡುವಲ್ಲ, ತಂಗೀ. ಅರ್ಧ ಜನ ಅದರ ಈಚೆ, ಅರ್ಧ ಜನ ಆಚೆ. ಆ ಪ್ರಯೋಗದಲ್ಲಿ ಎರಡೂ ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ ಸುಮಾರು 26 ಮಂದಿ ಎರಡು ವರ್ಷ ದಾಟಿದರು, ಹತ್ತು ಮಂದಿಯ ಹತ್ತಿರ ಐದು ವರ್ಷ. ಜೀವವಿಜ್ಞಾನಿ ಸ್ಟೀಫನ್ ಜೇ ಗೌಲ್ಡ್‌ಗೆ 1982ರಲ್ಲಿ ಬೇರೊಂದು ಕ್ಯಾನ್ಸರು ಬಂದಾಗ ಪುಸ್ತಕದಲ್ಲಿದ್ದ ನಡುಗೆರೆ ಎಂಟೇ ತಿಂಗಳು. ಆತ ಬದುಕಿದ್ದು ಇಪ್ಪತ್ತು ವರ್ಷ. ನಿಮ್ಮ ಮನೆಯಲ್ಲೂ ಹಾಗೆಯೇ ಆಗುತ್ತದೆ ಎಂದು ನಾನು ಹೇಳುತ್ತಿಲ್ಲ. ಈ ರೋಗ ಅಷ್ಟು ದಯೆಯದ್ದಲ್ಲ. ಆದರೆ ಅಂಕಿ ಓದಿ ಅರ್ಥ ಮಾಡಿಕೊಳ್ಳುವ ಯೋಗ್ಯತೆ ನಿಮ್ಮ ಮನೆಯಲ್ಲಿ ಯಾರಿಗಾದರೂ ಇದ್ದರೆ ಅದು ಮೇಷ್ಟ್ರಿಗೆ. ಅವರನ್ನೊಬ್ಬರನ್ನು ಬಿಟ್ಟು ಉಳಿದವರೆಲ್ಲ ಕ್ಯಾಲೆಂಡರ್ ಹಿಡಿದು ಕೂತಿದ್ದೀರಿ.

ನನ್ನ ಮುಖ್ಯ ತಕರಾರು ಇದು. ಹೊಟ್ಟೆಯ ಕ್ಯಾನ್ಸರೋ ಶ್ವಾಸಕೋಶದ್ದೋ ಆಗಿದ್ದರೆ ‘ಮುಂದಿನ ತಿಂಗಳು ಹೇಳೋಣ, ಹಬ್ಬ ಕಳೆಯಲಿ’ ಎಂದು ನೀವು ತಳ್ಳಿಕೊಂಡು ಹೋಗಬಹುದಿತ್ತು. ಇಲ್ಲಿ ರೋಗ ಕೂತಿರುವುದೇ ಸುದ್ದಿ ಕೇಳಿಸಿಕೊಳ್ಳಬೇಕಾದ ಜಾಗದಲ್ಲಿ. ಇವತ್ತು ಲೋಟದ ಹೆಸರು ಹೋಗಿದೆ. ನಾಳೆ ನಿಮ್ಮ ಹೆಸರು ಹೋಗಬಹುದು. ಮಿದುಳಿನ ಮುಂಭಾಗಕ್ಕೆ ಹಬ್ಬಿದರೆ ಮೃದು ಮನುಷ್ಯ ತಟ್ಟೆ ಎಸೆಯಬಹುದು, ಲೆಕ್ಕ ತಪ್ಪದವರು ಫಸಲು ಗುತ್ತಿಗೆ ಹಿಡಿಯುವ ಚೇಣಿಯವನಿಗೆ ತೋಟವನ್ನೇ ಬರೆದುಕೊಡಬಹುದು. ಹೇಳಬೇಕು ಎಂದು ನೀವು ಮನಸ್ಸು ಗಟ್ಟಿ ಮಾಡಿಕೊಂಡು ಬರುವ ಹೊತ್ತಿಗೆ ಕೇಳಿಸಿಕೊಳ್ಳುವವರು ಮಂಚದಲ್ಲಿ ಇದ್ದೂ ಇಲ್ಲವಾಗಿರುತ್ತಾರೆ. ಡೆಕ್ಸಾ ಎಂಬ ಸ್ಟಿರಾಯ್ಡ್ ಮಾತ್ರೆ ಕೊಟ್ಟಾಗ ಮಿದುಳಿನ ಬಾವು ಇಳಿದು ಮಾತು ಸ್ವಲ್ಪ ಸರಿಯಾಗುತ್ತದೆ, ಗಮನಿಸಿದ್ದೀರಾ? ಹಸಿವು ಜಾಸ್ತಿ, ನಿದ್ದೆ ಕಡಿಮೆ, ಬೆಳಗಿನ ಜಾವ ಮೂರಕ್ಕೆ ಎದ್ದು ದೋಸೆ ಕೇಳುತ್ತಾರೆ. ಮನೆಯವರು ‘ಗುಣವಾಗ್ತಾ ಇದೆ’ ಅನ್ನುತ್ತಾರೆ. ಗುಣವಲ್ಲ ಅದು, ಮಳೆ ನಡುವೆ ಬಿಡುವು ಕೊಟ್ಟು ಹೊಳವಾದ ಹಾಗೆ. ಮಲೆನಾಡಿನವರಿಗೆ ಹೊಳವಾದಾಗ ಏನು ಮಾಡಬೇಕೆಂದು ನಾನು ಹೇಳಿಕೊಡಬೇಕೇ? ಅಡಿಕೆ ಹರವುತ್ತೀರಿ.

ನನ್ನ ಸೋದರಮಾವನ ವಿಷಯ ಹೇಳುತ್ತೇನೆ. ತೊಂಬತ್ತರ ದಶಕ. ಪಿತ್ತಕೋಶದ ಕ್ಯಾನ್ಸರು. ನಾವೆಲ್ಲ ಸೇರಿ ‘ಕಾಮಾಲೆ’ ಎಂದೆವು. ನಾಲ್ಕು ತಿಂಗಳು ಮನೆಯಲ್ಲಿ ಪಥ್ಯದ ನಾಟಕ. ಎಣ್ಣೆ ಬಂದ್, ಒಗ್ಗರಣೆ ಬಂದ್. ಸಾಯುವ ಮನುಷ್ಯನಿಗೆ ಒಂದು ಕೋಡುಬಳೆ ಕೊಡಲಿಲ್ಲ, ಇವತ್ತಿಗೂ ಹೊಟ್ಟೆ ಉರಿಯುತ್ತದೆ. ನೋಡಲು ಬಂದವರು ಬಾಯಿ ಬಿಟ್ಟಾರು ಎಂದು ಬಾಗಿಲು ಕಾಯುವ ಕೆಲಸ ನನ್ನದು. ಒಬ್ಬ ರೈತ ಮೂರು ಸಲ ಬಂದ. ಮೂರು ಸಲವೂ ಜಗಲಿಯಲ್ಲೇ ಕಾಫಿ ಕೊಟ್ಟು ಕಳಿಸಿದೆ. ವೈಕುಂಠ ಸಮಾರಾಧನೆಯ ದಿನ ಅವನು ಮತ್ತೆ ಬಂದು ಹದಿನೆಂಟು ಸಾವಿರ ರೂಪಾಯಿ ಎಣಿಸಿಟ್ಟ. ಬಾಯಿಮಾತಿನ ಸಾಲವಂತೆ. ‘ಅವರ ಕೈಗೇ ಕೊಡಬೇಕು ಅಂತಿದ್ದೆ, ನೀವು ಬಿಡಲಿಲ್ಲ’ ಎಂದ. ಆಮೇಲೆ ಮಾವನ ಪಂಚಾಂಗ ತೆಗೆದರೆ ಒಳಪುಟದ ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದಿತ್ತು: ‘ಕಾಮಾಲೆ ಅಂತಿದಾರೆ. ಹಾಗೇ ಇರಲಿ, ಪಾಪ.’ ನಾವು ಅವರನ್ನು ಕಾಪಾಡುತ್ತಿದ್ದೇವೆ ಅಂದುಕೊಂಡಿದ್ದೆವು. ನಾಲ್ಕು ತಿಂಗಳೂ ಒಬ್ಬರೇ ಕೂತು ನಮ್ಮನ್ನು ಕಾಪಾಡಿದ್ದು ಅವರು.

ಹೇಳದಿರುವುದು ನಮ್ಮ ಸಂಸ್ಕೃತಿ ಎಂದು ನಿಮ್ಮ ಅಣ್ಣ ಹೇಳಬಹುದು. ತುಂಬ ಜನ ಹಾಗೆ ಬರೆದಿದ್ದಾರೆ. 1961ರಲ್ಲಿ ಅಮೆರಿಕದ ಶಿಕಾಗೋದಲ್ಲಿ ವೈದ್ಯರನ್ನು ಕೇಳಿದಾಗ ನೂರಕ್ಕೆ ತೊಂಬತ್ತು ಮಂದಿ ಕ್ಯಾನ್ಸರ್ ವಿಷಯ ರೋಗಿಗೆ ಹೇಳದಿರುವುದೇ ಲೇಸು ಎಂದಿದ್ದರು. 1979ರ ಹೊತ್ತಿಗೆ ಅಮೆರಿಕದಲ್ಲೇ ನಡೆದ ಇನ್ನೊಂದು ಸಮೀಕ್ಷೆಯಲ್ಲಿ ನೂರಕ್ಕೆ 97 ಮಂದಿ ಹೇಳುವುದೇ ಸರಿ ಎಂದರು. ಹದಿನೆಂಟು ವರ್ಷದಲ್ಲಿ ಅಮೆರಿಕನ್ನರ ಎದೆ ಕಲ್ಲಾಯಿತೇ? ಇಲ್ಲ, ವೈದ್ಯರ ರೂಢಿ ಬದಲಾಯಿತು. ನಮ್ಮ ಸಂಸ್ಕೃತಿಯನ್ನೇ ಕೇಳಬೇಕೆಂದರೆ ಪರೀಕ್ಷಿತನ ಕಥೆ ನೋಡಿ. ಏಳು ದಿನಕ್ಕೆ ತಕ್ಷಕ ಕಚ್ಚಲಿ ಎಂದು ಶೃಂಗಿ ಶಪಿಸಿದ. ಅವನ ತಂದೆ ಶಮೀಕ ಮುನಿ ಮಗನನ್ನು ಬೈದು, ಶಿಷ್ಯ ಗೌರಮುಖನನ್ನು ಅರಮನೆಗೆ ಅಟ್ಟಿದ. ಯಾರಿಗೆ ಹೇಳಲು? ಮಂತ್ರಿಗಲ್ಲ, ರಾಣಿಗಲ್ಲ, ರಾಜನಿಗೇ. ಆಮೇಲೆ ರಾಜ ಮಾಡಿದ್ದು ಏನು ಎಂಬುದಕ್ಕೆ ಎರಡು ಕಥೆ. ಮಹಾಭಾರತದಲ್ಲಿ ಒಂಟಿಕಂಬದ ಉಪ್ಪರಿಗೆ ಕಟ್ಟಿಸಿ ವೈದ್ಯರನ್ನೂ ಔಷಧಿಯನ್ನೂ ಸುತ್ತ ಇಟ್ಟುಕೊಂಡ. ಭಾಗವತದಲ್ಲಿ ಎಲ್ಲ ಬಿಟ್ಟು ಗಂಗೆಯ ದಡದಲ್ಲಿ ಶುಕಮುನಿಯ ಬಾಯಿಂದ ಕಥೆ ಕೇಳುತ್ತ ಕೂತ. ಎರಡರಲ್ಲಿ ಯಾವುದು ಸರಿ ಎಂದು ನಾನು ಹೇಳಲಾರೆ. ಆದರೆ ಗೌರಮುಖನನ್ನು ಯಾರಾದರೂ ಜಗಲಿಯಲ್ಲೇ ಕಾಫಿ ಕೊಟ್ಟು ಕಳಿಸಿದ್ದರೆ ಉಪ್ಪರಿಗೆಯೂ ಇಲ್ಲ, ಭಾಗವತವೂ ಇಲ್ಲ. (ದಾರಿಯಲ್ಲಿ ತಕ್ಷಕನಿಂದಲೇ ಹಣ ತೆಗೆದುಕೊಂಡು ಹಿಂತಿರುಗಿದ ಕಶ್ಯಪನೆಂಬ ವಿಷವೈದ್ಯನ ಬಗ್ಗೆ ಇನ್ನೊಂದು ದಿನ ಬರೆಯುತ್ತೇನೆ.)

ನಿಮ್ಮ ಅಪ್ಪನಿಗೆ ಬಂದ ರೋಗವೇ ಬಂದಿದ್ದ ಗಾರ್ಡ್ ಡೌನಿ ಕೆನಡಾದ ಹಾಡುಗಾರ. 2016ರ ಮೇ ತಿಂಗಳಲ್ಲಿ ವಿಷಯ ಬಹಿರಂಗವಾಯಿತು. ತಾನೇ ಬರೆದ ಹಾಡಿನ ಸಾಲುಗಳು ನೆನಪಿಗೆ ಬರುತ್ತಿರಲಿಲ್ಲ. ವೇದಿಕೆಯ ಮೇಲೆ ಪರದೆಗಳನ್ನು ಇರಿಸಿಕೊಂಡು, ಸಾಲು ಓದಿಕೊಂಡು, ಆ ಬೇಸಿಗೆ ಊರೂರು ಸುತ್ತಿ ಹಾಡಿದ. ಕೊನೆಯದು ಆಗಸ್ಟ್ 20ರಂದು ತನ್ನ ಊರು ಕಿಂಗ್‌ಸ್ಟನ್‌ನಲ್ಲಿ. ಮರುವರ್ಷ ಅಕ್ಟೋಬರಿನಲ್ಲಿ ತೀರಿಕೊಂಡ. ಲೋಟದ ಹೆಸರು ಮರೆತ ಮೇಷ್ಟ್ರಿಗೂ ಒಂದು ಪರದೆ ಬೇಕಾಗಬಹುದು; ಮನೆಯಲ್ಲಿ ಕಪ್ಪು ಹಲಗೆ ಇದ್ದೇ ಇರುತ್ತದೆ. ಹೆಸರುಗಳು ಯಾಕೆ ಹೋಗುತ್ತಿವೆ ಎಂದು ಗೊತ್ತಿದ್ದರೆ ಹಲಗೆ ತರಲು ಅವರೇ ಹೇಳುತ್ತಾರೆ. ಗೊತ್ತಿಲ್ಲದಿದ್ದರೆ ತನಗೆ ಹುಚ್ಚು ಹಿಡಿಯುತ್ತಿದೆ ಎಂದು ತಿಳಿದು ಸುಮ್ಮನಾಗುತ್ತಾರೆ.

ಎಲ್ಲ ತಪ್ಪನ್ನೂ ನಿಮ್ಮ ಮನೆಯವರ ತಲೆಗೆ ಕಟ್ಟುವುದು ಅನ್ಯಾಯ. ಸುಳ್ಳು ಹುಟ್ಟಿದ್ದು ನಿಮ್ಮ ಅಡುಗೆಮನೆಯಲ್ಲಲ್ಲ. ‘ಪೇಷೆಂಟ್ ಕಡೆಯವರು ಯಾರು?’ ಎಂದು ಗಂಡಸೊಬ್ಬನನ್ನು ಹೊರಗೆ ಕರೆದು, ಲಿಫ್ಟಿನ ಪಕ್ಕ ನಿಂತು ಎರಡು ನಿಮಿಷದಲ್ಲಿ ಹೇಳುತ್ತಾರಲ್ಲ, ಅಲ್ಲಿ. ಪೇಷೆಂಟು ಪೇಷೆಂಟ್ ಕಡೆಯವನಲ್ಲವೇ? ಡಿಸ್ಚಾರ್ಜ್ ಸಮ್ಮರಿ ಇಂಗ್ಲಿಷು, ಸಹಿ ಹಾಕಿಸಿಕೊಳ್ಳುವ ಒಪ್ಪಿಗೆ ಪತ್ರ ಇಂಗ್ಲಿಷು. ರಾಜ್ಯೋತ್ಸವಕ್ಕೆ ಬಾವುಟ ಕಟ್ಟುತ್ತೇವೆ, ಬೋರ್ಡಿನ ಅಕ್ಷರಕ್ಕೆ ಜಗಳವಾಡುತ್ತೇವೆ. ಸಾಯುವವನಿಗೆ ಅವನ ರೋಗವನ್ನು ಅವನ ಭಾಷೆಯಲ್ಲಿ ಒಂದು ಪುಟ ಬರೆದುಕೊಡಿ ಎಂದು ಯಾವ ಸಂಘವೂ ಧರಣಿ ಕೂತದ್ದು ನಾನು ನೋಡಿಲ್ಲ. ಇನ್ನು ನಮ್ಮ ಪತ್ರಿಕೆಯವರು. ಗುಣವಾದವರು ‘ಕ್ಯಾನ್ಸರ್ ಗೆದ್ದವರು’. ಹಾಗಾದರೆ ನಿಮ್ಮ ಅಪ್ಪ ಯಾವ ಪರೀಕ್ಷೆಯಲ್ಲಿ ಫೇಲಾದರು? ಅದೇ ಪುಟದ ಕೆಳಗೆ ‘ಯಾವುದೇ ಗಡ್ಡೆ ಕರಗಿಸುತ್ತೇವೆ’ ಎಂಬ ಜಾಹೀರಾತು. 1954ರ ಕಾಯ್ದೆಯೊಂದು ಕ್ಯಾನ್ಸರ್, ಮಿದುಳಿನ ರೋಗ ಎರಡಕ್ಕೂ ಇಂಥ ಜಾಹೀರಾತು ಕೂಡದು ಎಂದು ಪಟ್ಟಿ ಮಾಡಿದೆ. ಅಂಥದ್ದೊಂದನ್ನು ನಾನು ವಾಪಸು ಕಳಿಸಿದಾಗ ನಮ್ಮ ಮ್ಯಾನೇಜರರು ಒಂದು ತಿಂಗಳು ನನ್ನ ಹತ್ತಿರ ಮಾತಾಡಲಿಲ್ಲ.

ಸಿಟ್ಟಿನಲ್ಲಿ ಎಲ್ಲಿಗೋ ಹೋದೆ. ‘ಹೇಗೆ ಹೇಳಲಿ’ ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ನೀವು ಭಾಷಣ ಮಾಡಬೇಕಿಲ್ಲ. ಅವರು ಕೇಳಿದ ಪ್ರಶ್ನೆಯನ್ನು ಅವರಿಗೇ ಹಿಂದಿರುಗಿಸಿ: ‘ಅಪ್ಪಾ, ಅವತ್ತು ಕೇಳಿದ್ರಲ್ಲ, ನಿಮಗೆ ಏನನ್ನಿಸುತ್ತೆ? ಎಲ್ಲ ತಿಳ್ಕೋಬೇಕು ಅಂತಿದ್ಯಾ, ಸ್ವಲ್ಪ ಸಾಕಾ?’ ಸ್ವಲ್ಪ ಸಾಕು ಎಂದರೆ ಸ್ವಲ್ಪವೇ. ‘ಹೌದು, ಬರಬಹುದು’ ಎಂಬ ಎರಡು ಪದ ಬಾಯಿಂದ ಹೊರಡದಿದ್ದರೆ ಡಾಕ್ಟರ ಎದುರು ಅಪ್ಪನನ್ನೇ ಕೂರಿಸಿ, ಅಣ್ಣ ಪಕ್ಕಕ್ಕಿರಲಿ. ಒಂದು ಗಂಟೆ ಅಳುತ್ತಾರೆ, ಮೂರು ದಿನ ಮಾತು ಬಿಡಬಹುದು. ನಾಲ್ಕನೇ ದಿನ ತೋಟದ ಕಾಗದ ಕೇಳುತ್ತಾರೆ. ಬರೆಯುವವರ ಬುದ್ಧಿ ಸ್ಥಿಮಿತದಲ್ಲಿದ್ದರೆ ಮಾತ್ರ ವಿಲ್ಲು ನಿಲ್ಲುತ್ತದೆ. ಕೊನೆಯಲ್ಲಿ ವೆಂಟಿಲೇಟರ್ ಬೇಕೋ ಬೇಡವೋ ಎಂದು ಮುಂಚೆಯೇ ಬರೆದಿಡಲು ಸುಪ್ರೀಂ ಕೋರ್ಟು 2018ರಲ್ಲಿ ದಾರಿ ಮಾಡಿತು, 2023ರಲ್ಲಿ ಅದನ್ನು ಸರಳ ಮಾಡಿತು. ಇಬ್ಬರು ಸಾಕ್ಷಿ, ಒಬ್ಬ ನೋಟರಿ ಸಾಕು. 2025ರ ಜನವರಿಯಲ್ಲಿ ನಮ್ಮ ಆರೋಗ್ಯ ಇಲಾಖೆಯೂ ಸುತ್ತೋಲೆ ಹೊರಡಿಸಿದೆ. ರೋಗವೇ ಇಲ್ಲ ಎಂದು ನಂಬಿಸಿದವರಿಂದ ಆ ಕಾಗದ ಹೇಗೆ ಬರೆಸುತ್ತೀರಿ? ಮುಂದೆ ಮನೆಯಲ್ಲಿ ನೋಡಿಕೊಳ್ಳುವುದು ಕಷ್ಟವಾದರೆ ಬೆಂಗಳೂರಿನಲ್ಲಿ ಕೊನೆಯ ದಿನಗಳ ಆರೈಕೆ ಮಾಡುವ ಕರುಣಾಶ್ರಯ ಇದೆ, ದುಡ್ಡು ಕೇಳುವುದಿಲ್ಲ.

ಈ ಉತ್ತರ ಅಚ್ಚಾಗುವ ಮುಂಚೆ ನಿಮ್ಮ ಊರು, ಮನೆಯವರ ಗುರುತು ಸಿಗುವ ನಾಲ್ಕು ವಿವರ ಬದಲಾಯಿಸಿದ್ದೇನೆ. ‘ನೀರಿನ ಅದು’ ಮಾತ್ರ ಬದಲಾಯಿಸಲು ಮನಸ್ಸಾಗಲಿಲ್ಲ. ಅಪ್ಪನ ಹೆಸರಿನಲ್ಲೇ ಚಂದಾ ಇದೆಯಂತೆ, ಹಾಗಾಗಿ ಸಂಚಿಕೆ ನಿಮ್ಮ ಮನೆಗೇ ಬರುತ್ತದೆ. ಅಡಗಿಸಿಡುವುದೋ ಅವರ ಮುಂದಿಡುವುದೋ ನಿಮಗೆ ಬಿಟ್ಟದ್ದು. ಚಂದಾ ಈ ತಿಂಗಳಿಗೆ ಮುಗಿಯುತ್ತದೆ ಎಂದು ನಮ್ಮವರು ಹೇಳಿದರು. ನವೀಕರಣದ ಚೀಟಿ ಒಳಗಿಟ್ಟಿದ್ದೇವೆ. ಅದನ್ನು ಅಣ್ಣಂದಿರು ತುಂಬುವುದು ಬೇಡ. ಒಂದು ವರ್ಷಕ್ಕೋ ಮೂರು ವರ್ಷಕ್ಕೋ, ಮೇಷ್ಟ್ರೇ ಗುರುತು ಹಾಕಲಿ.

– ಸಂ.